ಹುಣಿಸೆಬೀಜದ ಸೈನ್ಯ ಮತ್ತು ಏಳನೇ ತೂಬು

ಬರೀ ಚದುರಂಗದಲ್ಲಿ ಸೋತಿದ್ದರೆ ಕಸ್ತೂರಿರಂಗನ ಬಗ್ಗೆ ಬರೆಯಲು ಏನೂ ಇರುತ್ತಿರಲಿಲ್ಲ. ಸೋತವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ; ಎದ್ದು ಪಂಚೆ ಕೊಡವಿಕೊಂಡು ಕಾಫಿ ಕುಡಿಯಲು ಹೋಗುತ್ತಾರೆ. ಇವನು ಸೋತದ್ದಲ್ಲದೆ ಮೇಲೆ ಒಂದು ಭಾಷಣವನ್ನೂ ಮಾಡಿದ.

ಸೋತದ್ದು ಮಳವಳ್ಳಿಯಲ್ಲಿ, ಹೆಂಡತಿಯ ಅಣ್ಣ ತಿರುನಾರಾಯಣರ ಮನೆಯಲ್ಲಿ. ತಿರುನಾರಾಯಣರು ಅಲ್ಲಿನ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ನಾಮಕರಣದ ಊಟ ಮುಗಿದು ನೆಂಟರೆಲ್ಲ ಎಲೆಅಡಿಕೆಗೆ ಕೂತಿದ್ದಾಗ, ಬಾಯೊಳಗಿನ ತಾಂಬೂಲ ಮುಗಿಯುವ ಮುಂಚೆಯೇ ಅವರು ಕಸ್ತೂರಿರಂಗನ ರಾಜನನ್ನು ಮೂಲೆಗೆ ಒತ್ತಿ ಕಟ್ಟಿಹಾಕಿದರು. ನೆಂಟರು ನಕ್ಕರು. ನಕ್ಕವರಲ್ಲಿ ಕಸ್ತೂರಿರಂಗನ ಹೆಂಡತಿ ಪಂಕಜಮ್ಮನೂ ಇದ್ದಳು.

"ಇದೂ ಒಂದು ಯುದ್ಧವೇ ಭಾವ?" ಎಂದ ಕಸ್ತೂರಿರಂಗ. "ಮಳೆ ಎಲ್ಲಿ ಇದರಲ್ಲಿ? ಮದ್ದುಗುಂಡು ಎಲ್ಲಿ? ಎತ್ತಿಗೆ ಮೇವು ಎಲ್ಲಿ? ಆನೆ ಅಂತೀರಿ, ಅದಕ್ಕೆ ಹೊಟ್ಟೆ ಇಲ್ವೇ? ನಿಜವಾದ ಯುದ್ಧ ಹೇಗಿರುತ್ತೆ ಅಂತ ನಾನು ಮಾಡಿ ತೋರಿಸ್ತೀನಿ."

"ಮಾಡಯ್ಯ" ಎಂದರು ತಿರುನಾರಾಯಣ. ಆ ಒಂದು ಮಾತು ಆಡಿದ್ದಕ್ಕೆ ಅವರು ಆಮೇಲೆ ತಂಗಿಯಿಂದ ಸಾಕಷ್ಟು ಬೈಸಿಕೊಂಡರು.

ಕಸ್ತೂರಿರಂಗ ಮಂಡ್ಯದಲ್ಲಿ, ನಾಲೆಯ ನೀರು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಗುಮಾಸ್ತ. ಬೇಸಿಗೆಯಲ್ಲಿ ಯಾವ ತೂಬಿಗೆ ಯಾವ ವಾರ ನೀರು ಎಂದು ಸರದಿ ಗೊತ್ತುಮಾಡುವುದು ಇಂಜಿನಿಯರ್ ಸಾಹೇಬರ ಕೆಲಸ. ಅದನ್ನು ಟೈಪು ಮಾಡಿಸಿ ಬೋರ್ಡಿಗೆ ಅಂಟಿಸುವುದಷ್ಟೇ ಕಸ್ತೂರಿರಂಗನದು. ಆದರೆ ರೈತರಿಗೆ ಕಚೇರಿ ಅಂದರೆ ಕಚೇರಿ, ಅಂಟಿಸುವವನೂ ದೊಡ್ಡವನೇ. ಹಿಂದಿನ ವರ್ಷ ತಾನೇ ಅವನು ರಾಯಚೂರಿನ ಕಡೆಯಿಂದ ವರ್ಗವಾಗಿ ಊರ ಹತ್ತಿರ ಬಂದು ಬಿದ್ದಿದ್ದ. ಮಗಳು ಕನಕಲಕ್ಷ್ಮಿ ಮಂಡ್ಯದ ಕಾಲೇಜಿಗೆ ಸೇರಿದ್ದಳು. ಪಂಕಜಮ್ಮ ಮೇಲುಕೋಟೆಗೆ ಹೋದಾಗಲೆಲ್ಲ ಒಡವೆ ಕೇಳುತ್ತಿರಲಿಲ್ಲ, ಸೈಟು ಕೇಳುತ್ತಿರಲಿಲ್ಲ. ಮಗಳ ಓದು ಮುಗಿಯುವ ತನಕ ಇನ್ನೊಂದು ವರ್ಗ ಬಾರದಿರಲಿ ಎಂದಷ್ಟೇ ಕೈಮುಗಿಯುತ್ತಿದ್ದಳು.

ಇಂಥ ಮನೆಯಲ್ಲಿ 'ಶ್ರೀರಂಗಪಟ್ಟಣದ ಮುತ್ತಿಗೆ' ಹುಟ್ಟಿತು.

ಯುದ್ಧಕ್ಕೆ ಮೊದಲು ಬೇಕಾದ್ದು ನಕ್ಷೆ. ಕಸ್ತೂರಿರಂಗನಿಗೆ ಚಿತ್ರ ಬರೆಯಲು ಬಾರದು. ಅವನು ಬರೆದ ನದಿ ಹಾವಿನ ಹಾಗೂ ಇರಲಿಲ್ಲ, ಹಗ್ಗದ ಹಾಗೂ ಇರಲಿಲ್ಲ. ಆದ್ದರಿಂದ ಕಚೇರಿಯ ನಾಲೆ ನಕ್ಷೆಯನ್ನೇ ಮನೆಗೆ ತಂದು, ಪಂಕಜಮ್ಮ ನೆಂಟರಿಗೆಂದು ತೆಗೆದಿಟ್ಟಿದ್ದ ಬಿಳೀ ಬೆಡ್‌ಶೀಟಿನ ಮೇಲೆ ಗೆರೆಗೆ ಗೆರೆ ಇಳಿಸಿದ. ಕಾವೇರಿ ಬಂತು, ನಾಲೆ ಬಂತು, ತೂಬುಗಳೂ ಅವುಗಳ ನಂಬರೂ ಬಂದವು. ಇಳಿಸಿದ ಮೇಲೆ ಅಳಿಸುವುದು ಯಾಕೆಂದು, ತೂಬುಗಳನ್ನೆಲ್ಲ ಸೈನ್ಯ ಬೀಡುಬಿಡುವ ಠಾಣ್ಯಗಳೆಂದು ಕರೆದ. ಒಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಕೋಟೆ ಬರೆದ. ಕೋಟೆ ಇಡ್ಲಿಪಾತ್ರೆಯ ಹಾಗೆ ಬಂತು.

ಕಾಲ್ದಳಕ್ಕೆ ಹುಣಿಸೆಬೀಜ, ಕುದುರೆಗೆ ಹುರುಳಿಕಾಳು, ಫಿರಂಗಿಗೆ ಸೀಮೆಸುಣ್ಣದ ತುಂಡು, ಆನೆಗೆ ಅಡಿಕೆ. ಇನ್ನು ನಿಯಮಗಳು. ಅವನ್ನು ಪೂರ್ತಿ ಹೇಳಿದರೆ ಓದುವವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಒಬ್ಬರಾದ ಮೇಲೆ ಒಬ್ಬರಂತೆ ಸರದಿಯ ಮೇಲೆ ಆಡಬೇಕು. ಒಂದು ಸರದಿ ಅಂದರೆ ಯುದ್ಧದ ಒಂದು ವಾರ. ಪ್ರತಿ ಸರದಿಗೂ ಮೊದಲು ಕವಡೆ ಹಾಕಬೇಕು. ಕವಡೆ ಮಳೆ ಅಂದರೆ ಮದ್ದು ನೆನೆಯಿತು, ಫಿರಂಗಿ ಹಾರದು. ಬಿಸಿಲು ಅಂದರೆ ಎತ್ತು ನಡೆಯದು. ಎರಡೂ ಅಲ್ಲದಿದ್ದರೆ ಸೈನಿಕರ ಸಂಬಳ ಬಾಕಿ. ಎಲ್ಲ ಅಡ್ಡಿಯನ್ನೂ ದಾಟಿ ಒಬ್ಬ ಆಟಗಾರ ಒಂದು ಹುಣಿಸೆಬೀಜವನ್ನು ಒಂದು ಗೇಣು ಮುಂದಕ್ಕೆ ತಳ್ಳಿದನೆಂದರೆ ಅದು ಆ ಭಾನುವಾರದ ದೊಡ್ಡ ಸುದ್ದಿ. ಇದನ್ನು ಕಸ್ತೂರಿರಂಗ ಸಹಜತೆ ಎಂದು ಕರೆದ.

ಎದುರಾಳಿಯಾಗಿ ಪಂಕಜಮ್ಮ ಸಿಕ್ಕಿದಳು. ಪಾಪ, ಅವಳಿಗೆ ಓಡಲು ಬೇರೆ ಮನೆ ಇರಲಿಲ್ಲ. ಒಲೆಯ ಮೇಲೆ ಹುಳಿ ಇಟ್ಟು ಬಂದು ಅವಳು ಇಂಗ್ಲಿಷರ ಸೈನ್ಯ ನಡೆಸುತ್ತಿದ್ದಳು. ಕೋಟೆಯ ಬಾಗಿಲ ಹತ್ತಿರ ಬಂದಳೆಂದರೆ ಸಾಕು, ಕಸ್ತೂರಿರಂಗನಿಗೆ ಒಂದು ಹೊಸ ನಿಯಮ ನೆನಪಾಗುತ್ತಿತ್ತು. ಕೊನೆಗೆ ಅವಳು ಒಂದು ಭಾನುವಾರ ತನ್ನ ಅಶ್ವದಳವನ್ನೆಲ್ಲ ಬಾಚಿಕೊಂಡು ಹೋಗಿ ಸಾರಿಗೆ ಹಾಕಿಬಿಟ್ಟಳು. ಅಂದಿನಿಂದ ಕಸ್ತೂರಿರಂಗ ಮುಂದಿನ ಜಗಲಿಯಲ್ಲಿ ಬೆಡ್‌ಶೀಟು ಹಾಸಿ, ಎರಡೂ ಕಡೆ ತಾನೇ ಕೂತು ಎದ್ದು ಆಡತೊಡಗಿದ.

ಆ ಜಗಲಿ ಇದ್ದದ್ದು ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ. ಕಬ್ಬು ಅರೆಯುವ ಕಾಲದಲ್ಲಿ ಗಾಡಿಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಗಾಡಿಯವರು ಎತ್ತು ಬಿಚ್ಚಿ, ನೆರಳಿರುವ ಜಗಲಿಗಳ ಮೇಲೆ ಕೂರುತ್ತಾರೆ. ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆ ಅದು, ಬಿಸಿಲು ಆಗಲೇ ಏರಿತ್ತು. ಹನಕೆರೆಯ ಬೆಟ್ಟಯ್ಯ ಕುಡಿಯಲು ನೀರು ಕೇಳಲು ಬಂದವನು ಬೆಡ್‌ಶೀಟು ನೋಡಿ ಅಲ್ಲೇ ನಿಂತ.

"ಇದು ನಮ್ ನಾಲೆ ಅಲ್ವಾ ಅಯ್ನೋರೆ?"

ಕಸ್ತೂರಿರಂಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತನ್ನ ನಕ್ಷೆಯನ್ನು ಯಾರೂ ಹೇಳಿಕೊಡದೆ ಗುರುತು ಹಿಡಿದ ಮೊದಲ ಮನುಷ್ಯ. "ಹೌದಪ್ಪ. ನೋಡು, ಇದು ನದಿ, ಇದು ನಾಲೆ, ಇದು ಕೋಟೆ. ಬಾ, ಕೂತ್ಕೊ. ಈಗ ನಿನ್ನ ಸರದಿ" ಎಂದು, ಕವಡೆ ಹಾಕುವುದನ್ನೂ ಮರೆತು, ಅವನ ಕೈಗೆ ಒಂದು ಹಿಡಿ ಹುಣಿಸೆಬೀಜ ಕೊಟ್ಟ. "ಎಲ್ಲಿ ಬೇಕೋ ಇಡು."

ಬೆಟ್ಟಯ್ಯ ಕೈಯಲ್ಲಿದ್ದ ಬೀಜ ನೋಡಿದ, ಕಸ್ತೂರಿರಂಗನ ಮುಖ ನೋಡಿದ. ನಾಲೆ ಕಚೇರಿಯ ಮನುಷ್ಯ, ನಾಲೆ ನಕ್ಷೆಯ ಮುಂದೆ ಕೂತು, ನಿನ್ನ ಸರದಿ, ಎಲ್ಲಿ ಬೇಕೋ ಇಡು ಅಂದರೆ ಹನಕೆರೆಯಲ್ಲಿ ಅದಕ್ಕೆ ಒಂದೇ ಅರ್ಥ. ಅವನು ಒಂದು ಬೀಜವನ್ನೂ ಕೋಟೆಯ ಕಡೆ ಇಡಲಿಲ್ಲ. ಅಷ್ಟನ್ನೂ ಏಳನೇ ತೂಬಿನ ಮೇಲೆ ಗುಡ್ಡೆ ಹಾಕಿದ. ಏಳನೇ ತೂಬಿನ ಕೆಳಗೆ ಅವನ ಕಬ್ಬಿನ ಗದ್ದೆ ಇತ್ತು.

"ಇಡೀ ಸೈನ್ಯ ಒಂದೇ ಕಡೆ" ಎಂದು ಕಸ್ತೂರಿರಂಗ ತಲೆದೂಗಿದ. "ಧೈರ್ಯಸ್ಥ. ಸರಿ, ಏಳನೇದು ನಿನ್ನದು."

"ಎಷ್ಟ್ ದಿನಕ್ಕೆ ಅಯ್ನೋರೆ?"

"ಒಂದು ಸರದಿ ಅಂದರೆ ಒಂದು ವಾರ."

"ಆಮ್ಯಾಕೆ ಯಾರಾರ ಬಂದು ಕಿತ್ಕೊಂಡ್ರೆ?"

"ಯಾರು ಕಿತ್ತುಕೊಳ್ತಾರೆ? ನಿಯಮ ಅಂದರೆ ನಿಯಮ."

"ಅಂಗಾದ್ರೆ ಓಯ್ತೀನಿ ಬುಡಿ" ಎಂದ ಬೆಟ್ಟಯ್ಯ. ನೀರು ಕೇಳಲು ಬಂದದ್ದು ಮರೆತೇಹೋಯಿತು. ಒಂದು ಲೆಕ್ಕದಲ್ಲಿ ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಗಾಡಿಯನ್ನು ತಮ್ಮನಿಗೆ ಒಪ್ಪಿಸಿ ಹನಕೆರೆಗೆ ಹೋದವನೇ, ತೂಬು ತೆಗೆದು ಮುಚ್ಚುವ ನೀರುಗಂಟಿ ಮರಿಯಯ್ಯನನ್ನು ಹಿಡಿದ. "ತೆಗಿಲಾ ಏಳ್ನೇದ್ನ. ಆಪೀಸ್ನೋರೇ ಕೊಟ್ಟವ್ರೆ." ಕಚೇರಿಯ ಹೆಸರು ಕೇಳಿದ ಮೇಲೆ ಮರಿಯಯ್ಯ ಯಾಕೆ ಕೇಳಿಯಾನು? ತೆಗೆದ.

ಮುಂದಿನ ಭಾನುವಾರ ಬೆಟ್ಟಯ್ಯ ಒಂದು ಬುಟ್ಟಿ ಬೆಲ್ಲ ತಂದು ಜಗಲಿಯ ಮೇಲಿಟ್ಟ. ಅವನ ಹಿಂದೆ ಇನ್ನೂ ನಾಲ್ಕು ಜನ ಇದ್ದರು. ಅದರ ಮುಂದಿನ ಭಾನುವಾರ ಜಗಲಿ ಸಾಲಲಿಲ್ಲ. ಬಾಳೆಗೊನೆ ಬಂತು, ತೆಂಗಿನಕಾಯಿ ಬಂತು, ಭಾರತೀನಗರದ ಕಡೆಯಿಂದ ಒಬ್ಬ ಮಣ್ಣಿನ ಮಡಕೆಯಲ್ಲಿ ತುಪ್ಪ ತಂದ. ರೈತರು ಹುಣಿಸೆಬೀಜಕ್ಕಾಗಿ ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡುತ್ತಿದ್ದರು.

"ಓದ್ ವಾರ ನೀನೇ ಮಡಿಕ್ಕಂಡಿಲ್ವೇನ್ಲಾ? ತೆಗಿ ನಿನ್ ಬೀಜವಾ."

"ನಾಟಿ ಟೇಮ್ನಲ್ಲಿ ನಾನ್ ನಿಂಗೆ ಬುಟ್ಕೊಟ್ಟಿರ್ನಿಲ್ವಾ? ಈಗ ನೀನ್ ನಂಗೆ ಬುಡು."

ಕೇಳಿದ ಕಸ್ತೂರಿರಂಗ ಆನಂದದಲ್ಲಿ ತೇಲಿಹೋದ. ವೈರಿಗಳು ಸರದಿಯನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರು, ಸಾಲ ಕೊಡುತ್ತಿದ್ದರು, ಮಗಳ ಮದುವೆಯ ಮಾತಿನ ಜೊತೆ ಸೇರಿಸಿ ಅದಲುಬದಲು ಮಾಡುತ್ತಿದ್ದರು. ನಿಯಮದಲ್ಲಿ ಇದು ಯಾವುದೂ ಇರಲಿಲ್ಲ. ಕಸ್ತೂರಿರಂಗ ಅದನ್ನು 'ರಾಜತಂತ್ರ' ಎಂದು ಹೊಸದಾಗಿ ಸೇರಿಸಿದ.

ಕಷ್ಟ ಬಂದದ್ದು ಹುಚ್ಚೀರಯ್ಯನಿಗೆ. ಅವನ ಗದ್ದೆ ನಾಲೆಯ ತುದಿಯಲ್ಲಿ. ಎಲ್ಲರಿಗೂ ಆಗಿ ಮಿಕ್ಕಿದ್ದು ಅವನಿಗೆ. ಪೈರು ಒಣಗುತ್ತಿತ್ತು. ಅವನೂ ಒಂದು ಕೋಳಿ ಹಿಡಿದುಕೊಂಡು ಬಂದ, ಬ್ರಾಹ್ಮಣರ ಮನೆಯೆಂದು ನೆನಪಾಗಿ ಕೋಳಿಯನ್ನು ಗಾಡಿಗೆ ಕಟ್ಟಿ ಬರಿಗೈಲಿ ಜಗಲಿ ಹತ್ತಿದ. ಬೀಜ ತೆಗೆದುಕೊಂಡು ತುದಿಯ ತೂಬಿನ ಮೇಲೆ ಇಡಲು ಹೋದಾಗ ಕಸ್ತೂರಿರಂಗ ಕವಡೆ ಹಾಕಿದ.

"ಮಳೆ" ಎಂದ. "ಕೆಸರಲ್ಲಿ ದಂಡು ಕದಲದು. ನಿನ್ನ ಸರದಿ ಹೋಯಿತು."

ಹುಚ್ಚೀರಯ್ಯ ಜಗಲಿಯಿಂದ ಇಳಿದು ರಸ್ತೆಗೆ ಬಂದು ಆಕಾಶ ನೋಡಿದ. ಮೋಡ ಎಂಬುದು ಮೈಸೂರಿನ ತನಕ ಇರಲಿಲ್ಲ. "ಎಲ್ಲಿ ಅಯ್ನೋರೆ ಮಳೆ?"

"ಕವಡೆ ಹೇಳಿದ ಮೇಲೆ ಮುಗೀತು. ಮುಂದಿನ ವಾರ ಬಾ."

ಮುಂದಿನ ವಾರವೂ ಮಳೆ. ಅದರ ಮುಂದಿನ ವಾರ ಅವನ ಸೈನಿಕರ ಸಂಬಳ ಬಾಕಿ. "ನನ್ತಾವ ಯಾವ ಸಿಪಾಯಿ ಅವ್ನೆ ಸಾಮಿ, ಸಂಬ್ಳ ಬಾಕಿ ಮಡಗಾಕೆ?" ಎಂದು ಹುಚ್ಚೀರಯ್ಯ ಕೇಳಿದ್ದಕ್ಕೆ ಕಸ್ತೂರಿರಂಗ, "ಸೋಲುವವರು ಹೀಗೇ ಮಾತಾಡೋದು" ಎಂದು ಮುಗುಳ್ನಕ್ಕ. ಮಳವಳ್ಳಿಯಲ್ಲಿ ತನಗೆ ಬಿದ್ದ ನಗು ಹೇಗಿತ್ತೋ ಹಾಗೆಯೇ ನಕ್ಕ.

ಇಷ್ಟಾದ ಮೇಲೆ ಭಾವನನ್ನು ಕರೆಸದೆ ಇರಲಾದೀತೆ? ತಿರುನಾರಾಯಣರು ಮಳವಳ್ಳಿ ಬಸ್ಸಿನಲ್ಲಿ ಬಂದು, ಜನರನ್ನು ಸರಿಸಿ ಜಗಲಿ ಹತ್ತಿ, ಕನ್ನಡಕ ಏರಿಸಿ ಬೆಡ್‌ಶೀಟನ್ನು ಪರೀಕ್ಷೆಯ ಉತ್ತರ ತಿದ್ದುವವರ ಹಾಗೆ ನೋಡಿದರು.

"ನಕ್ಷೆ ಚೆನ್ನಾಗಿದೆ" ಎಂದರು.

ಕಸ್ತೂರಿರಂಗ ಎದೆ ಉಬ್ಬಿಸಿದ.

"ಅದೊಂದೇ ಚೆನ್ನಾಗಿರೋದು. ಅದೂ ನಿನ್ನದಲ್ಲ, ಸರ್ಕಾರದ್ದು. ಎತ್ತು ಸುಸ್ತಾದರೆ ಫಿರಂಗಿ ನಿಲ್ಲುತ್ತೆ ಅನ್ನೋದು ಒಪ್ಪತಕ್ಕ ಮಾತು, ಚರಿತ್ರೆಯಲ್ಲಿ ಹಾಗೇ ಆಗ್ತಿತ್ತು. ಆದರೆ ಅಯ್ಯಾ ಕಸ್ತೂರಿ, ಇಂಗ್ಲಿಷರು ಬಂದಾಗ ಈ ನಾಲೆ ಎಲ್ಲಿತ್ತು? ನಮ್ಮ ತಾತನ ಕಾಲದಲ್ಲೇ ಇನ್ನೂ ತೋಡಿರಲಿಲ್ಲ. ಇಲ್ಲದ ನಾಲೆಯ ಇಲ್ಲದ ತೂಬಿನ ಮೇಲೆ ನಿನ್ನ ದಂಡು ಕೂತಿದೆ. ಅಲ್ಲದೆ ಕೋಟೆಗೆ ಯಾರೂ ಮುತ್ತಿಗೆಯೇ ಹಾಕ್ತಿಲ್ಲವಲ್ಲ? ಅದರ ಕಡೆ ತಿರುಗಿ ಕೂಡ ನೋಡ್ತಿಲ್ಲ."

"ಅದೇ ತಂತ್ರ ಭಾವ. ಕೋಟೆಗೆ ಆಹಾರ ಬರೋ ದಾರಿಯನ್ನ ಕಟ್ತಿದಾರೆ. ಹಳ್ಳಿಯವರು, ಆದರೆ ಏನು ಬುದ್ಧಿ ನೋಡಿ."

ತಿರುನಾರಾಯಣರು ರೈತರ ಮುಖಗಳನ್ನು ಒಂದು ಸುತ್ತು ನೋಡಿದರು. ಅವರಿಗೆ ಏನೋ ಹೊಳೆಯಿತು ಅಂತ ಕಾಣುತ್ತದೆ. ಊಟಕ್ಕೂ ನಿಲ್ಲದೆ ಒಳಗೆ ಹೋಗಿ, "ಪಂಕಜ, ಈ ಬೆಲ್ಲ ಬಾಳೆಗೊನೆ ಎಲ್ಲ ವಾಪಸ್ ಕಳಿಸಮ್ಮ. ಇದು ಆಟ ನೋಡೋಕೆ ಬಂದವರು ತರೋ ಸಾಮಾನಲ್ಲ" ಎಂದು ಹೇಳಿ ಸಂಜೆಯ ಬಸ್ಸಿಗೆ ಮುಂಚೆಯೇ ಹೊರಟುಬಿಟ್ಟರು. ಪಂಕಜಮ್ಮ ಗಂಡನಿಗೆ ಹೇಳಿದಳು. ಅವನು, "ನಿಮ್ಮಣ್ಣನಿಗೆ ಹೊಟ್ಟೆಕಿಚ್ಚು" ಎಂದ.

ಆ ವಾರವೇ ಹುಚ್ಚೀರಯ್ಯ ಇಂಜಿನಿಯರ್ ಪುಟ್ಟರಾಜು ಅವರ ಕೋಣೆಯ ಮುಂದೆ ಒಣಗಿದ ಕಬ್ಬಿನ ಒಂದು ಕಟ್ಟು ಹಾಕಿ ಕೂತ.

ಪುಟ್ಟರಾಜು ಮದ್ದೂರಿನ ಕಡೆಯವರು, ಸಿಟ್ಟು ಬಂದರೆ ಮಾತು ಕಡಿಮೆಯಾಗುವ ಜಾತಿ. ಕಸ್ತೂರಿರಂಗನನ್ನು ಬೆಡ್‌ಶೀಟಿನ ಸಮೇತ, ಬೀಜ ಅಡಿಕೆ ಕವಡೆಗಳ ಸಮೇತ ಕರೆಸಿದರು. ಬೆಟ್ಟಯ್ಯ, ಮರಿಯಯ್ಯ, ಇನ್ನೂ ಹತ್ತಾರು ಜನ ಬಾಗಿಲಲ್ಲಿ ನೆರೆದರು. ಬೆಡ್‌ಶೀಟು ಮೇಜಿನ ಮೇಲೆ ಬಿಚ್ಚಿಕೊಂಡಿತು. ಇಂಜಿನಿಯರು ತೂಬಿನ ನಂಬರುಗಳನ್ನು ಓದುತ್ತ ಓದುತ್ತ ಮೇಜಿನ ಆ ಕಡೆಯಿಂದ ಈ ಕಡೆಗೆ ಬಂದರು.

"ನಾನು ಗೊತ್ತುಮಾಡಿದ ಸರದಿ ಬೋರ್ಡಿನ ಮೇಲಿದೆ. ನೀರು ಹರೀತಿರೋದು ಈ ಹೊದಿಕೆ ಪ್ರಕಾರ. ಏನ್ರೀ ಇದು?"

"ಆಟ ಸಾರ್."

"ಆಟ?"

"ಶ್ರೀರಂಗಪಟ್ಟಣದ ಮುತ್ತಿಗೆ ಸಾರ್. ಚಾರಿತ್ರಿಕ."

ಬೆಟ್ಟಯ್ಯನಿಗೆ ನಗು ತಡೆಯಲಾಗಲಿಲ್ಲ. "ಆಟ ಅಂತೆ. ಆಟಕ್ಕೆ ಯಾರ್ ಸಾ ಬೆಲ್ಲ ಕೊಟ್ಟಾರು?"

"ಕವ್ಡೆ ಆಕಿ ನನ್ ಗದ್ದೆ ಮ್ಯಾಲೆ ಮಳೆ ಉಯ್ಸುದ್ರು ಸಾಮಿ" ಎಂದ ಹುಚ್ಚೀರಯ್ಯ. "ಎಲ್ಡ್ ಕಿತ. ಒಂದ್ ಅನಿ ಬೀಳ್ನಿಲ್ಲ." ಆ ಕೋಣೆಯಲ್ಲಿ ನಿಜವಾಗಿ ಸೋತವನು ಅವನೊಬ್ಬನೇ.

ಇಂಜಿನಿಯರು ಕೂತರು. "ನೋಡ್ರೀ ಕಸ್ತೂರಿರಂಗ. ಇದು ನೀರಿನ ಸರದಿ ಆದರೆ ನೀವು ನಾಳೆಯೇ ರಾಯಚೂರಿಗೆ. ಆಟವಾದರೆ ರೈತರು ತಪ್ಪು ತಿಳ್ಕೊಂಡರು ಅಂತ ಬಿಟ್ಟುಬಿಡ್ತೀನಿ, ಇವತ್ತೇ ಹುಚ್ಚೀರಯ್ಯನಿಗೆ ನೀರು ಬಿಡಿಸ್ತೀನಿ. ಆಟ ಅಂತೀರಲ್ಲ, ಆಡಿಸಿ. ನಾನೇ ಆಡ್ತೀನಿ. ಫಿರಂಗಿ ಹಾರಿಸ್ತೀನಿ."

ಕಸ್ತೂರಿರಂಗ ಕವಡೆ ಹಾಕಿದ. "ಆಗಲ್ಲ ಸಾರ್. ಮದ್ದು ತೇವ."

"ಕುದುರೆ ಬಿಡ್ತೀನಿ."

"ಹುರುಳಿ ಬೇಯಬೇಕು ಸಾರ್. ಅದಕ್ಕೊಂದು ಸರದಿ."

"ಕಾಲ್ದಳ?"

"ಸಂಬಳ ಆಗಿಲ್ಲ."

"ಆನೆ?"

"ಹೊಳೆ ದಾಟಲ್ಲ ಸಾರ್."

"ಮತ್ತೆ ನನ್ನ ಸರದಿಯಲ್ಲಿ ನಾನು ಏನು ಮಾಡಬಹುದು?"

"ಕಾಯಬಹುದು ಸಾರ್."

ಇಂಜಿನಿಯರು ಅಡಿಕೆಯನ್ನು ಮೆಲ್ಲನೆ ಕೆಳಗಿಟ್ಟರು. "ಇದು ಆಟ ಅಲ್ಲ ಕಣ್ರೀ. ಇದು ನಮ್ಮ ಇಲಾಖೆ. ಇದನ್ನ ಪೂರ್ತಿ ಆಡಿ ಮುಗಿಸಿದವರು ಒಬ್ಬರಾದರೂ ಇದ್ದಾರಾ?"

"ಇಲ್ಲ ಸಾರ್" ಎಂದ ಕಸ್ತೂರಿರಂಗ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. ಇಂಜಿನಿಯರು ಪೆನ್ನಿನ ಕ್ಯಾಪು ತೆಗೆದರು.

ಆಗ ಬಾಗಿಲಲ್ಲಿದ್ದ ಜನ ದಾರಿ ಬಿಟ್ಟರು. ಪಂಕಜಮ್ಮ ಬಂದಿದ್ದಳು. ಬೆಡ್‌ಶೀಟಿಗೆಂದು ಮನೆಗೆ ಬಂದಿದ್ದ ಕಚೇರಿಯ ಜವಾನ, ಸಾಹೇಬರು ವರ್ಗದ ಮಾತಾಡುತ್ತಿದ್ದಾರೆಂದು ಕಿವಿಗೆ ಹಾಕಿದ್ದ. ಅವಳು ಉಟ್ಟ ಸೀರೆಯಲ್ಲೇ ಬಂದಿದ್ದಳು.

"ಸಾರ್, ಇದು ಆಟವೇ" ಎಂದಳು. "ಆಡಿದವಳು ನಾನು. ಭಾನುವಾರ ಬಂದರೆ ನನಗೆ ಜ್ವರ ಬರ್ತಿತ್ತು. ಇದರಲ್ಲಿ ಏನಿಲ್ಲ ಅಂತ ಕೇಳಿ. ಹೊಳೆ ಅನ್ನೋದನ್ನೇ ಕಾಣದ ಹಾಗೆ ಆನೆ ದಡದಲ್ಲಿ ನಿಂತಿರುತ್ತೆ. ದಿನಾ ಹೊಳೇಲಿ ಮೀಯೋ ಪ್ರಾಣಿ. ನಾನು ಸಂಬಳ ಕೊಟ್ಟ ಸೈನ್ಯಕ್ಕೆ ಕಾಯಿಲೆ ಬರುತ್ತೆ, ಇವರ ಸೈನ್ಯಕ್ಕೆ ಯಾವ ಕಾಯಿಲೆಯೂ ಇಲ್ಲ. ಬಾಗಿಲ ತನಕ ಹೋದರೆ, ಇವತ್ತು ಏಕಾದಶಿ, ಯುದ್ಧ ಇಲ್ಲ ಅಂತಾರೆ. ಇಂಗ್ಲಿಷರಿಗೆ ಯಾವ ಏಕಾದಶಿ ಸಾರ್? ಎರಡು ಹೊತ್ತು ಕೂತರೂ ಒಂದು ಬೀಜ ಸಾಯಲ್ಲ. ಇವರಿಗೆ ಇದರ ಮೇಲೆ ಪ್ರಾಣ. ನೀರಿನ ಲೆಕ್ಕ ಮಾಡೋಷ್ಟು ಬುದ್ಧಿ ಇದ್ದಿದ್ದರೆ ಇಂಥಾದ್ದು ಮಾಡ್ತಿದ್ದರಾ ನೀವೇ ಹೇಳಿ. ಆ ರೈತರ ಸಾಮಾನೆಲ್ಲ ನಾನು ಮುಟ್ಟಿಲ್ಲ, ಹಾಗೇ ಇಟ್ಟಿದ್ದೀನಿ, ತಗೊಂಡು ಹೋಗಲಿ. ನಮ್ಮನ್ನ ಇಲ್ಲೇ ಇರೋಕೆ ಬಿಡಿ. ಹುಡುಗಿ ಕಾಲೇಜಿಗೆ ಹೋಗ್ತಿದಾಳೆ."

ಕೊನೆಯ ಮಾತಿಗೆ ಅವಳ ದನಿ ಇಳಿದಿತ್ತು. ಇಂಜಿನಿಯರು ಪೆನ್ನಿಗೆ ಕ್ಯಾಪು ಹಾಕಿದರು.

"ಇಷ್ಟು ವಿವರವಾಗಿ ಬೈಬೇಕಾದರೆ ಆಡಿರಲೇಬೇಕು. ಒಪ್ಪಿದೆನಮ್ಮ. ಹೋಗ್ರೀ ಕಸ್ತೂರಿರಂಗ, ಇದು ಆಟವೇ. ಇಷ್ಟು ಕೆಟ್ಟ ಆಟವನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ, ಅಷ್ಟೆ."

ಪಂಕಜಮ್ಮ ಕೈಮುಗಿದಳು. ಬೆಟ್ಟಯ್ಯ ಮುಖ ಕೆಳಗೆ ಹಾಕಿದ. ಮರಿಯಯ್ಯ ತುದಿಯ ತೂಬು ತೆಗೆಯಲು ಹೊರಟು ನಿಂತ. ಬೆಡ್‌ಶೀಟು ಮಡಿಸಿಕೊಂಡು ಕಸ್ತೂರಿರಂಗ ಬಾಗಿಲು ದಾಟಿದ್ದರೆ ಎಲ್ಲ ಮುಗಿಯುತ್ತಿತ್ತು. ಮಡಿಸಲು ಒಂದು ಅಂಚನ್ನು ಎತ್ತಿಯೂ ಎತ್ತಿದ. ಎತ್ತಿ, ಮತ್ತೆ ಕೆಳಗಿಟ್ಟ.

"ಕೆಟ್ಟ ಆಟ ಅಂದರೆ ಹೇಗೆ ಸಾರ್?"

"ಬನ್ನಿ, ಮನೆಗೆ ಹೋಗೋಣ" ಎಂದಳು ಪಂಕಜಮ್ಮ.

"ಇರು. ಆನೆ ವಿಷಯ ಬೇಕಾದರೆ ಒಪ್ಪಿಕೊಳ್ತೀನಿ. ಆದರೆ ಹೆಂಗಸರ ಮಾತು ಕೇಳಿ ಇಡೀ ಆಟವನ್ನ ತೆಗೆದುಹಾಕಬೇಡಿ ಸಾರ್. ಭಾನುವಾರ ನಮ್ಮ ಜಗಲಿ ನೋಡಿದ್ದೀರಾ? ಬೆಟ್ಟಯ್ಯನನ್ನೇ ಕೇಳಿ. ಲೋ ಬೆಟ್ಟಯ್ಯ, ಹೇಳಪ್ಪ. ಏಳನೇದನ್ನ ನಾನು ನಿನಗೆ ಕೊಟ್ಟೆನೋ ಇಲ್ಲವೋ? ನಿಯಮದ ಪ್ರಕಾರ, ಮುಖ ನೋಡದೆ ಕೊಟ್ಟೆನೋ ಇಲ್ಲವೋ?"

ಬೆಟ್ಟಯ್ಯನ ಮುಖ ಮೇಲೆದ್ದಿತು. "ಕೊಟ್ರಿ ಅಯ್ನೋರೆ. ದೇವ್ರಾಣೆಗೂ ಕೊಟ್ರಿ."

"ಒಂದು ವಾರ ಪೂರ್ತಿ?"

"ಪೂರ್ತಿ."

"ನೋಡಿದಿರಾ ಸಾರ್? ಇವರಿಗೆಲ್ಲ ನಾನೇ ಕೊಟ್ಟಿದ್ದು. ಒಬ್ಬೊಬ್ಬರಿಗೂ ಒಂದೊಂದು ಸರದಿ, ನನ್ನ ಕೈಯಾರೆ. ಯಾರಿಗೂ ಅನ್ಯಾಯ ಆಗಿಲ್ಲ. ಇಂಥಾ ಆಟವನ್ನ ಕೆಟ್ಟದು ಅಂತೀರಲ್ಲ?"

ಪುಟ್ಟರಾಜು ಅವನನ್ನು ಬಹಳ ಹೊತ್ತು ನೋಡಿದರು, ಪಂಕಜಮ್ಮನ ಕಡೆ ಒಂದು ಸಲ ನೋಡಿದರು. ಅವರಿಗೂ ಬೇಸರವಾಗಿರಬೇಕು. ಆದರೆ ಇಷ್ಟು ಜನರ ಮುಂದೆ, ಹುಚ್ಚೀರಯ್ಯನ ಮುಂದೆ, ಕೇಳಿದ್ದನ್ನು ಕೇಳಿಲ್ಲ ಅನ್ನುವ ಹಾಗಿರಲಿಲ್ಲ. ಕ್ಯಾಪು ಮತ್ತೆ ತೆಗೆದು ಬರೆಯತೊಡಗಿದರು.

"ಹಾಗಾದರೆ ಸಾರ್," ಎಂದ ಕಸ್ತೂರಿರಂಗ, "ಕೆಟ್ಟ ಆಟ ಅಂದ ಮಾತು ವಾಪಸ್ ತಗೊಂಡ ಹಾಗಾಯಿತಲ್ಲ?"

"ತಗೊಂಡೆ" ಎಂದರು ಇಂಜಿನಿಯರು ತಲೆ ಎತ್ತದೆ. "ರಾಯಚೂರಿನಲ್ಲಿ ಆಡಿ."

ಗಂಡ ಹೆಂಡತಿ ಬಿಸಿಲಲ್ಲಿ ಮನೆಗೆ ನಡೆದರು. ಕಸ್ತೂರಿರಂಗನ ಕಂಕುಳಲ್ಲಿ ಬೆಡ್‌ಶೀಟು ಇತ್ತು. "ವಾಪಸ್ ತಗೊಂಡರು, ಕೇಳಿಸಿಕೊಂಡೆಯಾ?" ಎಂದು ದಾರಿಯುದ್ದಕ್ಕೂ ಹೇಳಿದ. "ನಿಮ್ಮಣ್ಣನಿಗೆ ಇದನ್ನ ತಿಳಿಸಬೇಕು. ಇಂಜಿನಿಯರೇ ವಾಪಸ್ ತಗೊಂಡರು." ಪಂಕಜಮ್ಮ ಮುಂದೆ ಮುಂದೆ ನಡೆದಳು. ಮನೆಯ ತಿರುವು ಬಂದಾಗ ನಿಂತಳು. ಆ ಕಡೆಯಿಂದ ಕನಕಲಕ್ಷ್ಮಿ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು, ಯಾರೋ ಗೆಳತಿಯ ಜೊತೆ ನಗುತ್ತ ಬರುತ್ತಿದ್ದಳು.

"ಅವಳಿಗೂ ನೀವೇ ಹೇಳಿ" ಎಂದಳು ಪಂಕಜಮ್ಮ.

ಕಸ್ತೂರಿರಂಗ ಬಾಯಿ ತೆರೆದ. ಮಗಳು ಹತ್ತಿರ ಬಂದಳು, "ಏನಪ್ಪಾ?" ಎಂದಳು. ಅವನು ಕಂಕುಳಲ್ಲಿದ್ದ ಬೆಡ್‌ಶೀಟನ್ನು ಬೆನ್ನ ಹಿಂದಕ್ಕೆ ಸರಿಸಿದ.